ಅರಳುಮರಳೆಂಬ ಮಾತಿನ ಹಿಂದೆ

(ಸಂಘದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರೆಹರೂಪ)



ಕಾರ್ಯದರ್ಶಿಗಳು ನನ್ನನ್ನು ಆಹ್ವಾನಿಸಲು ಬಂದಾಗ "ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿದರೆ ಸಾಕು" ಎಂದಿದ್ದರು. ಸಾಹಿತ್ಯ ಸಂಗೀತಗಳ ನಡುವೆ ವೈದ್ಯನ ಮಾತಿಗೆ ಇರುವ ಸ್ಥಾನವನ್ನು ನಾನು ಬಲ್ಲೆ. ಸಕ್ಕರೆ ಬಿಡಿ, ಬೆಳಿಗ್ಗೆ ನಡೆಯಿರಿ, ಉಪ್ಪಿನಕಾಯಿ ಕಡಿಮೆ ಮಾಡಿ ಎಂದು ಹೇಳಿ ಕುಳಿತರೆ ಯಾರಿಗೂ ಬೇಸರವಿಲ್ಲ, ಯಾರಿಗೂ ಪ್ರಯೋಜನವೂ ಇಲ್ಲ. ಆದ್ದರಿಂದ ಇಂದು ಬೇರೊಂದು ವಿಷಯವನ್ನು ನಿಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ. ನಮ್ಮ ಜನರ ಮರೆವಿನ ಬಗ್ಗೆ ನಾನು ಮಾತನಾಡಬೇಕೆಂದಿದ್ದೇನೆ. ಕನ್ನಡವನ್ನು ಮರೆತವರ ಬಗ್ಗೆ ಅಲ್ಲ. ಆ ಭಾಷಣ ಪ್ರತಿ ನವೆಂಬರಿನಲ್ಲಿಯೂ ತಪ್ಪದೆ ಆಗುತ್ತದೆ. ನಾನು ಹೇಳುವುದು ಮಿದುಳಿನ ಮರೆವು. ಅದರ ಜೊತೆಗೆ ಎರಡು ರೋಗಗಳ ಹೆಸರು ಬರುತ್ತದೆ. ಒಂದು ಮಧುಮೇಹ, ಅದು ಈ ಸಭೆಯಲ್ಲಿರುವ ಅರ್ಧದಷ್ಟು ಮನೆಗಳಲ್ಲಾದರೂ ಇದ್ದೀತು. ಇನ್ನೊಂದು ಎಚ್.ಐ.ವಿ.; ಅದು ನಮ್ಮ ಯಾರ ಮನೆಯಲ್ಲಿಯೂ ಇಲ್ಲವೆಂದು ನಾವೆಲ್ಲ ನಂಬಿದ್ದೇವೆ.

ಮರೆವಿಗೆ ನಮ್ಮಲ್ಲಿ ಹಳೆಯದೊಂದು ಹೆಸರಿದೆ. ಅರವತ್ತಕ್ಕೆ ಅರಳುಮರಳು ಎಂದು ಗಾದೆಯೇ ಇದೆ. ಗಾದೆ ಕೇಳಲು ಎಷ್ಟು ಮುದ್ದಾಗಿದೆಯೋ ಅಷ್ಟೇ ಅಪಾಯಕಾರಿಯಾದದ್ದು, ಏಕೆಂದರೆ ಅದು ಕಾರಣವನ್ನು ಮೊದಲೇ ಹೇಳಿಬಿಡುತ್ತದೆ. ವಯಸ್ಸೇ ಕಾರಣವಾದ ಮೇಲೆ ವಿಚಾರಿಸುವುದಕ್ಕೆ ಇನ್ನೇನೂ ಉಳಿಯುವುದಿಲ್ಲ. ವಯಸ್ಸಾದಂತೆ ಹೆಸರುಗಳು ನಾಲಿಗೆಯ ತುದಿಗೆ ಬಂದು ನಿಲ್ಲುವುದು ಸಹಜ. ಆದರೆ ಬಂದ ದಾರಿ ತಪ್ಪುವುದು, ಒಲೆಯ ಮೇಲಿಟ್ಟದ್ದನ್ನು ಪದೇ ಪದೇ ಮರೆಯುವುದು, ನಿನ್ನೆ ಕೊಟ್ಟ ಹಣವನ್ನು ಇಂದು ಕೊಡಲೇ ಇಲ್ಲವೆಂದು ಜಗಳವಾಡುವುದು ಸಹಜವಲ್ಲ. ಭಾರತದಲ್ಲಿ ಅರವತ್ತು ದಾಟಿದವರ ಪೈಕಿ ಶೇಕಡಾ ೭.೪ರಷ್ಟು ಮಂದಿ, ಅಂದರೆ ಸುಮಾರು ೮೮ ಲಕ್ಷ ಜನ, ಡಿಮೆನ್ಷಿಯಾ ಎಂದು ವೈದ್ಯರು ಕರೆಯುವ ಮರೆಗುಳಿ ರೋಗದಿಂದ ಬಳಲುತ್ತಿದ್ದಾರೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜು ತಿಳಿಸುತ್ತದೆ. ಇದನ್ನು ತಿರುಗಿಸಿ ಓದಬೇಕು. ಅರವತ್ತು ದಾಟಿದ ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಈ ರೋಗವಿಲ್ಲ. ಹಾಗಾದರೆ ಗಾದೆ ಸುಳ್ಳಾಯಿತು.

ಗಾದೆಯನ್ನು ಹಳಿಯುವ ನಾನು ಅದಕ್ಕೆ ಬಲಿಯಾಗಿದ್ದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ನನ್ನ ತಾಯಿ ಸೇಡಂ ಸೀಮೆಯವರು. ಮದುವೆಯಾಗಿ ಹೈದರಾಬಾದಿಗೆ ಬಂದವರು ಇಲ್ಲಿಯೇ ಮುಪ್ಪಾದರು. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರು ಬೆಳಗಿನ ಜಾವ ಎದ್ದು ನನ್ನನ್ನು ಸೋದರಮಾವನ ಹೆಸರಿನಿಂದ ಕರೆಯತೊಡಗಿದರು. ಒಂದು ದಿನ ಪೂಜೆಯ ಹೂಬುಟ್ಟಿಯನ್ನು ಹಿಡಿದು ಅದರಿಂದ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಮನೆಯವರು ನನ್ನ ಮುಖ ನೋಡಿದರು. ನಾನು ವೈದ್ಯ, ನನ್ನ ಬಾಯಿಂದ ಬಂದ ಮಾತು "ವಯಸ್ಸಾಯಿತು" ಎಂಬುದೇ. ಮೂರು ತಿಂಗಳು ಹೀಗೆಯೇ ಕಳೆದ ಮೇಲೆ ನನಗಿಂತ ಕಿರಿಯ ವೈದ್ಯರೊಬ್ಬರು ಮನೆಗೆ ಬಂದಿದ್ದಾಗ ಒಂದೇ ಒಂದು ಪ್ರಶ್ನೆ ಕೇಳಿದರು: "ಈ ಗೊಂದಲ ಯಾವ ಹೊತ್ತಿನಲ್ಲಿ ಹೆಚ್ಚು?" ಬೆಳಗಿನ ಜಾವ. ಮಧ್ಯಾಹ್ನಕ್ಕೆ ಅವರು ಮೊದಲಿನಂತೆ ಲೆಕ್ಕ ಹಾಕಿ ಹಾಲಿನವನಿಗೆ ಹಣ ಕೊಡುತ್ತಿದ್ದರು. ಅಂದು ರಾತ್ರಿ ನಾಲ್ಕು ಗಂಟೆಗೆ ಎಬ್ಬಿಸಿ ಬೆರಳಿನ ರಕ್ತ ನೋಡಿದಾಗ ಸಕ್ಕರೆ ಐವತ್ತಕ್ಕೆ ಇಳಿದಿತ್ತು. ಹನ್ನೆರಡು ವರ್ಷಗಳಿಂದ ಅದೇ ಮಾತ್ರೆ, ಅದೇ ಪ್ರಮಾಣ. ಊಟ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಹೋಗಿತ್ತು, ಏಕಾದಶಿ ಸೋಮವಾರಗಳ ಉಪವಾಸ ಬೇರೆ. ಮಾತ್ರೆ ಇಳಿಸಿದೆವು. ರಕ್ತಪರೀಕ್ಷೆಯಲ್ಲಿ ಬಿ-೧೨ ಜೀವಸತ್ತ್ವ ತೀರ ಕಡಿಮೆಯಿರುವುದು ಕಂಡುಬಂದು ಅದರ ಚುಚ್ಚುಮದ್ದು ಕೊಡಿಸಿದೆವು. ಎರಡು ತಿಂಗಳಲ್ಲಿ ಅವರು ನನ್ನನ್ನು ನನ್ನ ಹೆಸರಿನಿಂದಲೇ ಕರೆದರು. ಎಲ್ಲವೂ ಮರಳಲಿಲ್ಲ, ಹೋದ ಮೂರು ತಿಂಗಳ ಭಾರವನ್ನು ನಾನು ಇಂದಿಗೂ ಹೊತ್ತಿದ್ದೇನೆ.

ಮಧುಮೇಹಕ್ಕೂ ಮರೆವಿಗೂ ಇರುವ ನಂಟು ಇಷ್ಟು ಸರಳವಾದದ್ದಲ್ಲವಾದರೂ ಅದರ ಮುಖ್ಯ ದಾರಿಗಳನ್ನು ನೀವು ಅರಿತಿರಬೇಕು. ಮಿದುಳಿಗೆ ಮುಖ್ಯ ಇಂಧನ ಸಕ್ಕರೆಯೇ. ಅದನ್ನು ಕೂಡಿಟ್ಟುಕೊಳ್ಳುವ ಕಣಜ ಮಿದುಳಿಗಿಲ್ಲ. ರಕ್ತದ ಸಕ್ಕರೆ ಕುಸಿದರೆ ಕೆಲವೇ ನಿಮಿಷಗಳಲ್ಲಿ ಮಾತು ತಡವರಿಸುತ್ತದೆ, ನಡತೆ ಬದಲಾಗುತ್ತದೆ. ಹಾಗೆ ತೀವ್ರವಾಗಿ ಮತ್ತೆ ಮತ್ತೆ ಕುಸಿದರೆ ಮುದುಕರ ಮಿದುಳಿಗೆ ಉಳಿಯುವ ಗಾಯವಾಗಬಹುದು. ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿಯೇ ಇದ್ದರೆ ಕಣ್ಣು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳು ಕೆಡುವಂತೆಯೇ ಮಿದುಳಿನವೂ ಕೆಡುತ್ತವೆ. ಸದ್ದಿಲ್ಲದೆ ಸಣ್ಣ ಸಣ್ಣ ಆಘಾತಗಳಾಗುತ್ತವೆ. ಮಧುಮೇಹಿಗಳಲ್ಲಿ ಮರೆಗುಳಿ ರೋಗದ ಸಂಭವ ಇತರರಿಗಿಂತ ಸುಮಾರು ಒಂದೂವರೆ ಪಟ್ಟು. ಇನ್ನು ಮೆಟ್‌ಫಾರ್ಮಿನ್ ಎಂಬ ಮಾತ್ರೆ. ಅದು ಒಳ್ಳೆಯ ಮಾತ್ರೆ, ದಯವಿಟ್ಟು ಈ ಉಪನ್ಯಾಸ ಕೇಳಿ ಯಾರೂ ಬಿಡಬೇಡಿ. ಆದರೆ ಬಹುಕಾಲ ತೆಗೆದುಕೊಂಡವರಲ್ಲಿ ಅದು ಬಿ-೧೨ನ್ನು ಕಡಿಮೆ ಮಾಡಬಹುದು. ಹಾಲು ಮೊಸರುಗಳನ್ನೂ ಅಳೆದು ತಿನ್ನುವ ನಮ್ಮ ಸಸ್ಯಾಹಾರಿ ಮನೆಗಳ ವೃದ್ಧೆಯರಲ್ಲಿ ಅದು ಮೊದಲೇ ಕಡಿಮೆ. ಥೈರಾಯ್ಡ್ ಕೊರತೆ, ಬಿ-೧೨ ಕೊರತೆ, ಇಳಿದ ಸಕ್ಕರೆ, ಖಿನ್ನತೆ, ಕೇಳಿಸದ ಕಿವಿ: ಇವೆಲ್ಲವೂ ಮರೆವಿನ ವೇಷ ಹಾಕಿಕೊಂಡು ಬರುತ್ತವೆ, ಮತ್ತು ಇವೆಲ್ಲಕ್ಕೂ ಮದ್ದಿದೆ.

ಈ ನಗರಕ್ಕೆ ಇದು ಹೊರಗಿನ ಸಂಗತಿಯಲ್ಲ. ೨೦೦೦ದಲ್ಲಿ ನಡೆದ ರಾಷ್ಟ್ರೀಯ ನಗರ ಮಧುಮೇಹ ಸಮೀಕ್ಷೆಯಲ್ಲಿ ಆರು ಮಹಾನಗರಗಳ ವಯಸ್ಕರನ್ನು ಪರೀಕ್ಷಿಸಿದಾಗ ಮೊದಲ ಸ್ಥಾನ ಹೈದರಾಬಾದಿಗೇ ದೊರೆತಿತ್ತು: ಶೇಕಡಾ ೧೬.೬. ಬೆಂಗಳೂರು ೧೨.೪, ಮುಂಬಯಿ ೯.೩. ಬಿರಿಯಾನಿಯ ಹೊರತಾಗಿಯೂ ನಾವು ಇತರರನ್ನು ಮೀರಿಸಿದ ವಿಷಯವೊಂದು ಇತ್ತು. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆ ದೇಶದಲ್ಲಿ ೧೦.೧ ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು.

ಈಗ ಭಾಷೆಯ ಮಾತಿಗೆ ಬರುತ್ತೇನೆ. ವೈದ್ಯಕೀಯದ ನಡುವೆ ಭಾಷೆ ಎಲ್ಲಿಂದ ಬಂತೆಂದು ನೀವು ಕೇಳಬಹುದು. ಎದೆಗೆ ಸ್ಟೆತಾಸ್ಕೋಪ್ ಇಟ್ಟರೆ ಹೃದಯ ಯಾವ ಭಾಷೆಯಲ್ಲಿಯೂ ಬಡಿಯುವುದಿಲ್ಲ. ಮರೆವನ್ನು ಅಳೆಯಬೇಕಾದರೆ ಮಾತ್ರ ಮಾತನಾಡಿಸಲೇಬೇಕು. ಇಂದು ಇಸವಿ ಯಾವುದು, ಋತು ಯಾವುದು, ತಿಂಗಳು ಯಾವುದು. ಮೂರು ಪದ ಹೇಳುತ್ತೇನೆ, ನೆನಪಿಡಿ. ನೂರರಿಂದ ಏಳೇಳು ಕಳೆಯಿರಿ. ಒಂದು ವಾಕ್ಯ ಬರೆಯಿರಿ. ೧೯೭೫ರಲ್ಲಿ ಅಮೆರಿಕದಲ್ಲಿ ರೂಪುಗೊಂಡು ಜಗತ್ತಿನಾದ್ಯಂತ ಹರಡಿದ ಮೂವತ್ತು ಅಂಕಗಳ ಪರೀಕ್ಷೆ ಹೀಗೆಯೇ ಸಾಗುತ್ತದೆ. ಶಾಲೆಯ ಮೆಟ್ಟಿಲು ಹತ್ತದವರಿಗೆ ಇದು ನೆನಪಿನ ಪರೀಕ್ಷೆಯಾಗದೆ ಶಾಲೆಯ ಪರೀಕ್ಷೆಯೇ ಆಗಿಬಿಡುತ್ತದೆ. ಇದನ್ನು ಮನಗಂಡು ೧೯೯೦ರ ದಶಕದಲ್ಲಿ ಹರಿಯಾಣದ ಬಲ್ಲಭಗಡದ ಹಳ್ಳಿಗಳಿಗಾಗಿ ಹಿಂದಿಯಲ್ಲಿ ಬೇರೆ ಪರೀಕ್ಷೆಯೊಂದನ್ನು ಸಿದ್ಧಪಡಿಸಿದರು. ಅದರಲ್ಲಿ ವಾಕ್ಯ ಬರೆಯಿರಿ ಎನ್ನುವ ಬದಲು ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎನ್ನುತ್ತಾರೆ. ಓದಿ ಅದರಂತೆ ಮಾಡಿ ಎನ್ನುವ ಬದಲು ನನ್ನ ಮುಖ ನೋಡಿ, ನಾನು ಮಾಡಿದಂತೆ ಮಾಡಿ ಎನ್ನುತ್ತಾರೆ. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲೆಯಾಳಂ ಎಂಬ ಐದು ಭಾಷೆಗಳಲ್ಲಿ ಅರಿವಿನ ಪರೀಕ್ಷೆಗಳ ಕಟ್ಟೊಂದನ್ನು ಸಿದ್ಧಪಡಿಸಿತು. ೨೦೨೦ರಲ್ಲಿ ಅದರ ವಿಶ್ವಾಸಾರ್ಹತೆಯ ಅಧ್ಯಯನವೂ ಪ್ರಕಟವಾಯಿತು. ಹೀಗೆ ಕನ್ನಡದಲ್ಲಿ ಪರೀಕ್ಷೆ ಇದೆ. ಆದರೆ ಅದನ್ನು ಕನ್ನಡದಲ್ಲಿ ಕೇಳಬಲ್ಲವರು ರೋಗಿಯ ಎದುರು ಕುಳಿತಿರಬೇಕಷ್ಟೆ.

ಕೆಲವು ವರ್ಷಗಳ ಹಿಂದಿನ ಜೂನ್ ತಿಂಗಳ ಒಂದು ದಿನ. ಕೃಷ್ಣಾ ನದಿಯ ಈಚೆ ದಡದಲ್ಲಿ, ಇಂದು ನಾರಾಯಣಪೇಟ ಜಿಲ್ಲೆಗೆ ಸೇರಿರುವ ಕನ್ನಡದ ಹಳ್ಳಿಯೊಂದರಿಂದ ಬಂದ ಅಜ್ಜಿಯೊಬ್ಬರನ್ನು ನಗರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆ. ಅವರು ನನ್ನ ನೆರೆಮನೆಯವರ ತಾಯಿ. ಪರೀಕ್ಷಿಸುತ್ತಿದ್ದ ಯುವ ವೈದ್ಯೆ ತೆಲುಗಿನವರು, ತಾಳ್ಮೆಯುಳ್ಳವರು. ದುಭಾಷಿ ನಾನು. "ಈಗ ಯಾವ ಕಾಲ, ಕೇಳಿ" ಎಂದರು. ಕೇಳಿದೆ. ಅಜ್ಜಿ ನನ್ನನ್ನೊಮ್ಮೆ ನೋಡಿ "ಮಿರಗ ಕೂಡ್ಯಾದಲ್ಲಪ್ಪಾ" ಎಂದರು. ನಗರದಲ್ಲಿ ಬೆಳೆದ ನನಗೆ ಆ ಕ್ಷಣಕ್ಕೆ ಅರ್ಥವಾಗಲಿಲ್ಲ. "ಏನೋ ಬೇರೆ ಹೇಳುತ್ತಿದ್ದಾರೆ" ಎಂದು ತೆಲುಗಿನಲ್ಲಿ ಹೇಳಿದೆ. ಅಲ್ಲಿ ಸೊನ್ನೆ ಬಿತ್ತು. ಮರಳುವಾಗ ನಾಂಪಲ್ಲಿಯ ಬಳಿ ವಾಹನಗಳು ನಿಂತುಬಿಟ್ಟಿದ್ದವು. ಮೃಗಶಿರ ಕಾರ್ತಿಯ ದಿನ. ವಸ್ತುಪ್ರದರ್ಶನ ಮೈದಾನದಲ್ಲಿ ಉಬ್ಬಸಕ್ಕೆಂದು ಕೊಡುವ ಮೀನಿನ ಮದ್ದಿಗೆ ಜನ ಸಾಲುಗಟ್ಟಿದ್ದರು. ಆಗ ಹೊಳೆಯಿತು. ಮಿರಗವೆಂದರೆ ಮೃಗಶಿರ. ಅಜ್ಜಿ ಋತುವನ್ನಷ್ಟೇ ಹೇಳಿರಲಿಲ್ಲ. ಮಳೆಯ ನಕ್ಷತ್ರವನ್ನು, ಅದು ಕೂಡಿದ ದಿನದ ಸಮೇತ, ಹೇಳಿದ್ದರು. ಆ ವೈದ್ಯೆಗೆ ನಾನು ಆ ಒಂದು ಶಬ್ದವನ್ನು ಇದ್ದಂತೆ ದಾಟಿಸಿದ್ದರೂ ಸಾಕಾಗಿತ್ತು. ತೆಲುಗಿನವರಿಗೆ ಮೃಗಶಿರ ಕಾರ್ತಿ ತಿಳಿಯದ್ದಲ್ಲ. ತಪ್ಪು ಅಜ್ಜಿಯದಲ್ಲ, ವೈದ್ಯೆಯದಲ್ಲ, ತೆಲುಗಿನದಂತೂ ಅಲ್ಲವೇ ಅಲ್ಲ. ನಡುವೆ ಕುಳಿತಿದ್ದ ಕನ್ನಡಿಗನದು. ಮರುದಿನ ಹೋಗಿ ಅಂಕ ತಿದ್ದಿಸಿದೆ.

ಈ ಪ್ರಸಂಗವನ್ನು ನಾನು ನಗುವಿಗಾಗಿ ಹೇಳಲಿಲ್ಲ. ಹೈದರಾಬಾದಿನ ಹಿರಿಯ ಕನ್ನಡಿಗರ ಭಾಷಾ ಪರಿಸ್ಥಿತಿ ಉಳಿದ ಹೊರನಾಡಿನವರದಕ್ಕಿಂತ ಭಿನ್ನವಾದದ್ದು. ಬೀದರ, ಕಲಬುರಗಿ, ರಾಯಚೂರುಗಳು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಆ ಊರುಗಳಿಂದ ಇಲ್ಲಿಗೆ ಬಂದವರು ಪರದೇಶಕ್ಕೆ ಬಂದವರಲ್ಲ; ತಮ್ಮ ರಾಜಧಾನಿಗೆ ಬಂದವರು. ಗಡಿ ಬಂದದ್ದು ಆಮೇಲೆ. ನಿಜಾಮರ ಆಡಳಿತದಲ್ಲಿ ಶಾಲೆ ಕಚೇರಿಗಳ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಅದೇ. ಹೀಗಾಗಿ ಇಂದು ಎಂಬತ್ತೈದು ತೊಂಬತ್ತರ ಅಂಚಿನಲ್ಲಿರುವ ನಮ್ಮ ಹಿರಿಯರಲ್ಲಿ ಹಲವರಿಗೆ ತಾಯಿಯ ಮಾತು ಕನ್ನಡ, ಅಕ್ಷರ ಉರ್ದು, ಪೇಟೆಯ ಮಾತು ತೆಲುಗು, ಮಗ್ಗಿ ಮಾತ್ರ ಯಾವುದರಲ್ಲೆಂದು ಅವರೇ ಬಲ್ಲರು. ಇಂತಹವರನ್ನು ಕನ್ನಡದಲ್ಲಿ ಮಾತನಾಡಿಸಿ, ಕನ್ನಡದಲ್ಲಿ ಬರೆಯಿರಿ ಎಂದರೆ ಸೋಲುತ್ತಾರೆ. ಉರ್ದುವಿನಲ್ಲಿ ಪದ ನೆನಪಿಡಿ ಎಂದರೂ ಸೋಲಬಹುದು. ಇವರ ಕೊನೆಯ ವರ್ಷಗಳಲ್ಲಿ ಇನ್ನೊಂದು ಸಂಗತಿ ಎದುರಾಗುತ್ತದೆ. ಮರೆಗುಳಿ ರೋಗ ಬಲಿತಾಗ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ಎಳವೆಯ ಭಾಷೆಯೊಂದೇ ಉಳಿಯುವುದನ್ನು ವೈದ್ಯರು ಹಲವು ರೋಗಿಗಳಲ್ಲಿ ಕಂಡಿದ್ದಾರೆ. ಎಲ್ಲರಲ್ಲಿಯೂ ಹಾಗಾಗುವುದಿಲ್ಲ. ಆದರೆ ಆದಾಗ, ಐವತ್ತು ವರ್ಷ ತೆಲುಗಿನಲ್ಲಿ ಸಂಸಾರ ನಡೆಸಿದ ಅಜ್ಜಿ ನೀರು ಬೇಕೆಂಬುದನ್ನೂ ಕನ್ನಡದಲ್ಲಿಯೇ ಕೇಳುತ್ತಾಳೆ. ಪಕ್ಕದಲ್ಲಿರುವ ಮೊಮ್ಮಗನಿಗೆ ಕನ್ನಡ ಬಾರದು. ಅವನು ಅಜ್ಜಿ ಏನೇನೋ ಬಡಬಡಿಸುತ್ತಾಳೆ ಎಂದು ದಾದಿಗೆ ಹೇಳುತ್ತಾನೆ. ಅದೂ ಅರಳುಮರಳಿನ ಲೆಕ್ಕಕ್ಕೇ ಹೋಗುತ್ತದೆ.

ಇದೇ ಬಹುಭಾಷಿಕತೆ ನಮಗೆ ಬಂದ ವರವೂ ಆಗಿರಬಹುದೆಂಬುದನ್ನು ಇದೇ ನಗರದ ಸಂಶೋಧನೆಯೊಂದು ತೋರಿಸಿದೆ. ಪಂಜಗುಟ್ಟದ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಆಗ ಇದ್ದ, ಅನಂತರ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದ ಡಾ. ಸುವರ್ಣಾ ಅಲ್ಲಾಡಿ ಅವರು, ಎಡಿನ್‌ಬರೊದ ಥಾಮಸ್ ಬಾಕ್ ಮೊದಲಾದವರೊಡನೆ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನವದು. ಮರೆಗುಳಿ ರೋಗದ ೬೪೮ ಜನರನ್ನು ಅವರು ಪರಿಶೀಲಿಸಿದರು. ಅವರಲ್ಲಿ ೩೯೧ ಮಂದಿ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರು. ಒಂದೇ ಭಾಷೆಯವರಲ್ಲಿ ರೋಗ ಸರಾಸರಿ ೬೧.೧ನೆಯ ವಯಸ್ಸಿನಲ್ಲಿ ಕಾಣಿಸಿಕೊಂಡಿದ್ದರೆ ಬಹುಭಾಷಿಕರಲ್ಲಿ ೬೫.೬ರಲ್ಲಿ; ನಾಲ್ಕೂವರೆ ವರ್ಷ ತಡವಾಗಿ. ಇದು ಓದಿನ ಫಲವಿರಬಹುದೆಂದು ಯಾರಾದರೂ ಶಂಕಿಸಿಯಾರು. ಆದರೆ ಅಕ್ಷರವೇ ಬಾರದವರಲ್ಲಿಯೂ ಈ ಅಂತರವಿತ್ತು, ಅದೂ ಆರು ವರ್ಷಗಳಷ್ಟು. ಪಾಶ್ಚಾತ್ಯ ದೇಶಗಳಲ್ಲಿ ಎರಡು ಭಾಷೆ ಬಲ್ಲವರೆಂದರೆ ಹೆಚ್ಚಾಗಿ ವಲಸಿಗರು. ಅಲ್ಲಿ ಭಾಷೆಯ ಪ್ರಭಾವವನ್ನು ವಲಸೆಯ ಪ್ರಭಾವದಿಂದ ಬೇರ್ಪಡಿಸುವುದು ಕಷ್ಟ. ಹೈದರಾಬಾದಿನಲ್ಲಿ ಆಟೋ ಓಡಿಸುವವನೂ ಮೂರು ಭಾಷೆ ಆಡುತ್ತಾನೆ. ಆದ್ದರಿಂದಲೇ ಈ ನಗರದ ಅಧ್ಯಯನಕ್ಕೆ ಜಗತ್ತು ಕಿವಿಗೊಟ್ಟಿತು. ೨೦೧೬ರಲ್ಲಿ ಅದೇ ಬಳಗ ಪಾರ್ಶ್ವವಾಯುವಿಗೆ ತುತ್ತಾದ ೬೦೮ ಜನರ ವಿವರಗಳನ್ನು ನೋಡಿ, ಬಹುಭಾಷಿಕರಲ್ಲಿ ಶೇಕಡಾ ೪೦.೫ ಮಂದಿಗೆ ಅರಿವಿನ ಶಕ್ತಿ ಸ್ವಸ್ಥವಾಗಿ ಉಳಿದಿದ್ದರೆ ಏಕಭಾಷಿಕರಲ್ಲಿ ೧೯.೬ ಮಂದಿಗಷ್ಟೇ ಉಳಿದಿತ್ತೆಂದು ವರದಿ ಮಾಡಿತು.

ಆದರೆ ನಾಳೆಯೇ "ಕನ್ನಡ ಕಲಿಯಿರಿ, ಮರೆವು ಓಡಿಸಿ" ಎಂದು ಕರಪತ್ರ ಅಚ್ಚು ಹಾಕಿಸಬೇಡಿ. ಎರಡು ಭಾಷೆ ರೋಗವನ್ನು ತಡೆಯುವುದಿಲ್ಲ. ಅದು ಮೈದೋರುವುದನ್ನು ಮುಂದೂಡುತ್ತದೆಂಬುದೇ ವಾದ. ಆರೋಗ್ಯವಂತರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಬೇರೆ ಕೆಲವು ಅಧ್ಯಯನಗಳಲ್ಲಿ ಈ ಲಾಭ ಕಂಡುಬಂದಿಲ್ಲ. ಎರಡಕ್ಕಿಂತ ಹೆಚ್ಚು ಭಾಷೆಗಳಿಂದ ಹೆಚ್ಚಿನ ಪ್ರಯೋಜನವೂ ಹೈದರಾಬಾದಿನ ಅಧ್ಯಯನದಲ್ಲಿ ಕಾಣಲಿಲ್ಲ. ನನಗೆ ಇದರಲ್ಲಿ ಮುಖ್ಯವಾಗಿ ತೋರುವುದು ಬೇರೆ. ಮನೆಯಲ್ಲಿ ಕನ್ನಡ, ಹೊರಗೆ ತೆಲುಗು ಎಂಬ ನಮ್ಮ ಬದುಕನ್ನು ನಾವು ಇಷ್ಟು ದಿನ ಹೊರೆಯೆಂದೇ ಮಕ್ಕಳಿಗೆ ಕಲಿಸಿದೆವು. ಮಕ್ಕಳು ಹೊರೆಯನ್ನು ಇಳಿಸಿದರು.

ಇಲ್ಲಿಯವರೆಗೆ ನಾನು ಮಾತನಾಡಿದ್ದು ನಮ್ಮ ನಿಮ್ಮ ಮನೆಗಳ ಬಗ್ಗೆ. ಸಂಘದ ಸದಸ್ಯತ್ವದ ರಸೀದಿ ಹರಿಸುವ ಮನೆಗಳ ಬಗ್ಗೆ. ಈ ನಗರದಲ್ಲಿ ಇನ್ನೊಂದು ಕನ್ನಡವಿದೆ. ವಾಡಿ, ತಾಂಡೂರು ದಾರಿಯ ರೈಲುಗಳಲ್ಲಿ, ಮಕ್ತಲ್ ದಾರಿಯ ಬಸ್ಸುಗಳಲ್ಲಿ ಅದು ಬರುತ್ತದೆ. ಯಾದಗಿರಿ, ಗುರುಮಠಕಲ್, ಸೇಡಂ, ರಾಯಚೂರುಗಳ ಒಣಭೂಮಿಯಿಂದ ಸುಗ್ಗಿ ಮುಗಿದೊಡನೆ ಹೊರಟು ಬರುವ ಗಾರೆಯವರು, ಕಲ್ಲು ಹೊರುವವರು, ಅವರ ಹೆಂಡಿರು ಮಕ್ಕಳು. ೨೦೦೨ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕರ್ನಾಟಕದ ೩೯ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು; ಅವುಗಳಲ್ಲಿ ೨೧ ಕಲಬುರಗಿ ವಿಭಾಗದವು. ಆ ಸೀಮೆಗೆ ಸಂವಿಧಾನದ ೩೭೧-ಜೆ ವಿಧಿ ಬಂತು, ೨೦೧೯ರಲ್ಲಿ ಕಲ್ಯಾಣ ಕರ್ನಾಟಕವೆಂಬ ಹೆಸರೂ ಬಂತು. ಹೆಸರಿನ ಕಲ್ಯಾಣ ಕೃಷ್ಣೆಯ ರೈಲು ಸೇತುವೆಯನ್ನು ದಾಟಿ ಈಚೆಗೆ ಬರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ನಗರದ ಕೂಲಿ ಅಡ್ಡಾಗಳಲ್ಲಿ ನಿಂತು ಕಿವಿಗೊಟ್ಟರೆ ನಮ್ಮ ಅಜ್ಜಿಯರ ಕನ್ನಡವನ್ನು ಕೇಳಬಹುದು. ನಮ್ಮ ರಾಜ್ಯೋತ್ಸವಕ್ಕೆ ಅವರನ್ನು ಯಾರೂ ಕರೆದಿಲ್ಲ. ಶಾಮಿಯಾನದ ಕಂಬ ನೆಡಲು ಮಾತ್ರ ಬಂದಿರಬಹುದು.

ಎಚ್.ಐ.ವಿ.ಯ ಮಾತನ್ನು ಇಲ್ಲಿ ತೆಗೆಯುವುದರಿಂದ ಅದು ಕೂಲಿಯವರ ರೋಗವೆಂದು ಯಾರೂ ತಿಳಿಯಬಾರದು. ನನ್ನ ಬಳಿಗೆ ಬಂದವರಲ್ಲಿ ಗುಮಾಸ್ತರಿದ್ದರು, ಅಂಗಡಿಯವರಿದ್ದರು, ಪತಿಯಿಂದ ಸೋಂಕು ಪಡೆದ ಗೃಹಿಣಿಯರಿದ್ದರು. ಸರ್ಕಾರದ ೨೦೨೩ರ ಅಂದಾಜಿನಂತೆ ದೇಶದಲ್ಲಿ ೨೫ ಲಕ್ಷಕ್ಕೂ ಹೆಚ್ಚು ಮಂದಿ ಈ ಸೋಂಕಿನೊಡನೆ ಬದುಕುತ್ತಿದ್ದಾರೆ. ಮಹಾರಾಷ್ಟ್ರ, ಆಂಧ್ರಪ್ರದೇಶ, ಕರ್ನಾಟಕಗಳಲ್ಲಿ ಅವರ ಸಂಖ್ಯೆ ಎಲ್ಲಕ್ಕಿಂತ ಹೆಚ್ಚು. ನಮ್ಮ ಉತ್ತರದ ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು ಒಂದು ಕಾಲಕ್ಕೆ ದೇಶದ ಅತಿ ಹೆಚ್ಚು ಸೋಂಕಿನ ಜಿಲ್ಲೆಗಳ ಪಟ್ಟಿಯಲ್ಲಿದ್ದವು. ೨೦೦೪ರ ಏಪ್ರಿಲ್ ೧ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆ ಆರಂಭವಾದ ಮೇಲೆ ಚಿತ್ರವೇ ಬದಲಾಯಿತು. ಆಗ ಮೂವತ್ತೈದರ ಹರೆಯದಲ್ಲಿ ಮಾತ್ರೆ ಆರಂಭಿಸಿದವರು ಇಂದು ಐವತ್ತೈದು ದಾಟಿ ಬದುಕಿದ್ದಾರೆ. ಇದು ವೈದ್ಯವಿಜ್ಞಾನದ ದೊಡ್ಡ ಗೆಲುವು. ಗೆದ್ದು ಬದುಕಿದವರಿಗೆ ಎಲ್ಲರಿಗೂ ಬರುವ ರೋಗಗಳು ಬರತೊಡಗಿದವು. ಮೊದಲ ವರ್ಷಗಳಲ್ಲಿ ಹೆಚ್ಚಾಗಿ ಕೊಡುತ್ತಿದ್ದ ಸ್ಟಾವುಡಿನ್‌ನಂತಹ ಮಾತ್ರೆಗಳೇ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತಿದ್ದವು. ಈಗಿನ ಮಾತ್ರೆಗಳು ಬಹಳ ಸುಧಾರಿಸಿವೆಯಾದರೂ ಕೆಲವರಲ್ಲಿ ತೂಕವನ್ನು ಹೆಚ್ಚಿಸುತ್ತವೆ. ಹೀಗೆ ಎಚ್.ಐ.ವಿ. ಮತ್ತು ಮಧುಮೇಹ ಒಂದೇ ದೇಹದಲ್ಲಿ ನೆರೆಹೊರೆಯವರಾದವು.

ಎರಡಕ್ಕೂ ಮಿದುಳೇ ಗುರಿ. ಎಚ್.ಐ.ವಿ. ವೈರಾಣು ಸೋಂಕಾದ ಕೆಲವೇ ವಾರಗಳಲ್ಲಿ ರಕ್ತಕಣಗಳ ಮೂಲಕ ಮಿದುಳನ್ನು ಸೇರುತ್ತದೆ. ನರಕೋಶಗಳಿಗೆ ನೇರವಾಗಿ ನುಗ್ಗುವುದಿಲ್ಲ; ಅವುಗಳ ಕಾವಲಿಗಿರುವ ಕೋಶಗಳಲ್ಲಿ ನೆಲೆಸಿ ಉರಿಯೂತವೆಬ್ಬಿಸುತ್ತದೆ. ಆಗ ಬರುವ ಮರೆವು ಮುದುಕರ ಮರೆವಿನಂತಲ್ಲ. ಹೆಸರುಗಳು ನೆನಪಿರುತ್ತವೆ, ಮನೆಯ ದಾರಿ ನೆನಪಿರುತ್ತದೆ. ಯೋಚನೆ ನಿಧಾನವಾಗುತ್ತದೆ, ಗಮನ ನಿಲ್ಲುವುದಿಲ್ಲ, ಒಂದಾದ ಮೇಲೊಂದು ಮಾಡಬೇಕಾದ ಕೆಲಸದ ಸರಣಿ ಕಡಿದುಹೋಗುತ್ತದೆ. ಭಾರತದಲ್ಲಿ ಹರಡಿರುವುದು ವೈರಾಣುವಿನ ಸಿ ಎಂಬ ಪ್ರಭೇದ. ಅದರ ಟ್ಯಾಟ್ ಎಂಬ ಪ್ರೋಟೀನಿನ ರಚನೆಯಲ್ಲಿ ಒಂದು ವ್ಯತ್ಯಾಸವಿದೆಯೆಂದು ಬೆಂಗಳೂರಿನ ಉದಯಕುಮಾರ ರಂಗ ಮತ್ತು ಸಂಗಡಿಗರು ೨೦೦೪ರಲ್ಲಿ ತೋರಿಸಿದ ಮೇಲೆ, ಈ ಪ್ರಭೇದ ಮಿದುಳಿಗೆ ಅಷ್ಟಾಗಿ ಹಾನಿ ಮಾಡದೆಂಬ ಆಶೆ ಮೂಡಿತ್ತು. ಆದರೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಎ.ಆರ್.ಟಿ. ತೆಗೆದುಕೊಳ್ಳದಿದ್ದ ೧೧೯ ದಕ್ಷಿಣ ಭಾರತೀಯರನ್ನು ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ ೬೦.೫ ಮಂದಿಯಲ್ಲಿ ಅಲ್ಪ ಅಥವಾ ಮಧ್ಯಮ ಪ್ರಮಾಣದ ಅರಿವಿನ ಕುಂದು ಕಂಡಿತು. ತೀವ್ರವಾದದ್ದು ಯಾರಲ್ಲಿಯೂ ಇರಲಿಲ್ಲ. ಅಲ್ಪವಾದದ್ದರ ತೊಂದರೆಯೇ ಅದು ಯಾರ ಕಣ್ಣಿಗೂ ಬೀಳದಿರುವುದು.

ಯಾದಗಿರಿ ಕಡೆಯ ಗಾರೆಯವನೊಬ್ಬ ಸಕ್ಕರೆಯ ಹುಣ್ಣಿಗೆ ಮದ್ದು ಕೇಳಿ ನನ್ನ ಬಳಿ ಬಂದ. ನಲವತ್ತೆಂಟರ ಆಸುಪಾಸು. ಅವನ ಇನ್ನೊಂದು ಚೀಟಿಯ ಮೇಲೆ, ಎ.ಆರ್.ಟಿ. ಮಾತ್ರೆ ಕೊಡುವ ಕಡೆಯಲ್ಲಿ, ಶಿಸ್ತಿಲ್ಲದ ರೋಗಿ ಎಂಬರ್ಥದ ಷರಾ ಬರೆದಿತ್ತು. ಮಾತ್ರೆಗಳು ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಒಂದು ತಿಂಗಳು ಉಳಿಯುತ್ತಿದ್ದವು, ಇನ್ನೊಂದು ತಿಂಗಳು ಮೊದಲೇ ಮುಗಿಯುತ್ತಿದ್ದವು. ತಿಳಿಹೇಳುವವರು ತೆಲುಗಿನಲ್ಲಿ ಹೇಳಿದ್ದಕ್ಕೆಲ್ಲ ಅವನು "ಸರೇ, ಸರೇ" ಎಂದು ತಲೆಯಾಡಿಸಿ ಬಂದಿದ್ದ. ಕನ್ನಡದಲ್ಲಿ ಕೇಳಿದಾಗ ಅಂಗಿಯ ಎರಡು ಜೇಬುಗಳನ್ನು ತೋರಿಸಿದ. ಎರಡರಲ್ಲಿಯೂ ಹುಣಸೆಬೀಜ. ಗುಳಿಗೆ ನುಂಗಿದೊಡನೆ ಬಲಜೇಬಿನ ಒಂದು ಬೀಜವನ್ನು ಎಡಜೇಬಿಗೆ ಹಾಕುತ್ತಾನೆ. "ಹಾಕೀನೋ ಇಲ್ಲೋ ಅದೇ ನೆಪ್ಪಾಗಲ್ಲಾಗ್ಯದ ಸಾಹೇಬ" ಎಂದ. ಇವನಿಗೆ ಶಿಸ್ತಿಲ್ಲವೇ? ಮರೆವನ್ನು ಮೀರಲು ಇಷ್ಟು ಉಪಾಯ ಹೂಡಿದವನನ್ನು ನಾನು ನನ್ನ ಓದಿದ ರೋಗಿಗಳಲ್ಲಿಯೂ ಕಂಡಿಲ್ಲ. ಮಾತ್ರೆ ತಪ್ಪಿಸುವುದು ಅವನ ಗುಣವಾಗಿರಲಿಲ್ಲ, ಅವನ ರೋಗದ ಲಕ್ಷಣವಾಗಿತ್ತು. ಮಾತ್ರೆ ತಪ್ಪಿದಷ್ಟೂ ವೈರಾಣು ಹೆಚ್ಚುತ್ತದೆ, ವೈರಾಣು ಹೆಚ್ಚಿದಷ್ಟೂ ಮರೆವು ಹೆಚ್ಚುತ್ತದೆ. ಜೊತೆಗೆ ಹತೋಟಿ ತಪ್ಪಿದ ಸಕ್ಕರೆ. ವಾರದ ಏಳು ಖಾನೆಗಳ ಮಾತ್ರೆಪೆಟ್ಟಿಗೆ ಕೊಡಿಸಿದೆವು. ಮಾತ್ರೆಯ ಕೇಂದ್ರಕ್ಕೆ ಅವನೊಡನೆ ಹೋಗಿ ಕನ್ನಡದಲ್ಲಿ ಕೇಳಿ ತೆಲುಗಿನಲ್ಲಿ ಹೇಳಿದೆ. ಅಲ್ಲಿನವರು ಸಜ್ಜನರು, ಷರಾ ಹೊಡೆದುಹಾಕಿ ಪರೀಕ್ಷೆಗೆ ಬರೆದುಕೊಟ್ಟರು. ಆರು ತಿಂಗಳಲ್ಲಿ ಅವನ ಕೆಲಸದ ಓರಣ ಮರಳಿತು, ಇಟ್ಟಿಗೆಯ ಸಾಲು ನೇರವಾಯಿತು. ಆಮೇಲೆ ಊರಿಗೆ ಹೋದವನು ನನಗೆ ಮತ್ತೆ ಸಿಗಲಿಲ್ಲ.

ಇಷ್ಟಾದ ಮೇಲೆ ಸಂಘಕ್ಕೆ ನನ್ನ ಬೇಡಿಕೆಯಿದೆ. ಆಸ್ಪತ್ರೆ ಕಟ್ಟಿರೆಂದು ಕೇಳುತ್ತಿಲ್ಲ. ಸರ್ಕಾರಕ್ಕೆ ಮನವಿ ಕೊಡಿರೆಂದೂ ಅಲ್ಲ. ನಮ್ಮ ಕಪಾಟಿನಲ್ಲಿ ಮನವಿಗಳ ಪ್ರತಿಗಳಿಗೆ ಜಾಗವಿಲ್ಲ. ಕನ್ನಡದ ರೋಗಿಯೊಬ್ಬರು ದೊಡ್ಡಾಸ್ಪತ್ರೆಗೆ ಹೋಗುವಾಗ ಜೊತೆಗೆ ಹೋಗಿ ಎರಡು ಗಂಟೆ ಕುಳಿತು, ಕೇಳಿದ್ದನ್ನು ಕೇಳಿದಂತೆ, ಹೇಳಿದ್ದನ್ನು ಹೇಳಿದಂತೆ ದಾಟಿಸುವ ಇಪ್ಪತ್ತು ಜನ ಬೇಕು. ನಿವೃತ್ತರು, ಗೃಹಿಣಿಯರು, ಕಾಲೇಜಿನ ಹುಡುಗರು ಯಾರಾದರೂ ಆದೀತು. ತೆಲುಗು ಇಲ್ಲವೆ ಉರ್ದು ಚೆನ್ನಾಗಿ ಬರಬೇಕು. ಕಲಬುರಗಿ, ರಾಯಚೂರುಗಳ ಮಾತು ಕೇಳಿ ನಗಬಾರದು. ರೋಗಿಯ ಪರವಾಗಿ ತಾವೇ ಉತ್ತರಿಸುವ ನಮ್ಮ ಚಾಳಿಯನ್ನು ಬಿಡಬೇಕು. ಮರೆವಿನ ಪರೀಕ್ಷೆಯಲ್ಲಿ ಮಗ ಕೊಟ್ಟ ಉತ್ತರ ಮಗನ ನೆನಪನ್ನಷ್ಟೇ ಅಳೆಯುತ್ತದೆ. ಕೇಳಿದ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು. ಎಚ್.ಐ.ವಿ. ಇರುವವರ ಗುಟ್ಟನ್ನು ಹೊರಗೆಡಹುವುದು ೨೦೧೭ರ ಕಾಯಿದೆಯಂತೆ ನಿಷಿದ್ಧ; ಆ ಕಾಯಿದೆ ೨೦೧೮ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಕಾಯಿದೆ ಇರಲಿ ಬಿಡಲಿ, ನಮ್ಮ ಸಂಘದಲ್ಲಿ ಚಹಾದ ಹೊತ್ತಿಗೆ ಸುದ್ದಿ ಎಷ್ಟು ವೇಗವಾಗಿ ಓಡುತ್ತದೆಂಬುದನ್ನು ಬಲ್ಲವನಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ತರಬೇತಿಯನ್ನು ನಾನೂ ನನ್ನ ಇಬ್ಬರು ಸ್ನೇಹಿತರೂ ಎರಡು ಭಾನುವಾರ ಕೊಡುತ್ತೇವೆ. ಮಳೆನಕ್ಷತ್ರಗಳ ಹೆಸರುಗಳನ್ನು ಹೇಳಿಕೊಡಲು ಹಳ್ಳಿಯಿಂದ ಬಂದ ಹಿರಿಯರೊಬ್ಬರು ಬೇಕಾಗಿದ್ದಾರೆ. ಮಿರಗದ ಅಜ್ಜಿ ಒಪ್ಪಿದ್ದಾರೆ. ಅವರ ಸಕ್ಕರೆ ಹತೋಟಿಯಲ್ಲಿದೆ, ಮೂವತ್ತಕ್ಕೆ ಇಪ್ಪತ್ತಾರು ಅಂಕ ಇವೆ. ಬಾಗಿಲಿನ ಬಳಿಯ ಮೇಜಿನ ಮೇಲೆ ಒಂದು ನೋಟುಪುಸ್ತಕವಿದೆ. ಹೆಸರು, ಬರುವ ಭಾಷೆಗಳು, ಬಿಡುವಿನ ದಿನ, ಇಷ್ಟನ್ನು ಬರೆದು ಹೋಗಬೇಕೆಂದು ಕೋರುತ್ತೇನೆ. ಚಹಾ ಕೂಡ ಅದೇ ಮೇಜಿನ ಮೇಲಿದೆ.